ಪಂಕ್ತಿ ಏಳುವ ತನಕ: ಪುಣೆಯ ಪರಮ್, ಬೆಂಗಳೂರಿನ ಲಿನಕ್ಸ್ ಮತ್ತು ಬೀಗದ ಬೆಲೆ

1991ರಲ್ಲಿ ಪುಣೆಯ ಸಿ-ಡ್ಯಾಕ್ ಸಂಸ್ಥೆ ‘ಪರಮ್ 8000’ ಎಂಬ ಸೂಪರ್‌ಕಂಪ್ಯೂಟರನ್ನು ಹೊರತಂದಾಗ ಎಲ್ಲರ ಬಾಯಲ್ಲೂ ಇದ್ದದ್ದು ಅದರ ವೇಗದ ಮಾತು, ಅದರ ಹಿಂದಿದ್ದ ಹಟದ ಮಾತು. ಭಾರತ ಕೇಳಿದ ಕ್ರೇ ಯಂತ್ರವನ್ನು ಕೊಡಲು ಅಮೆರಿಕ ಹಿಂದೇಟು ಹಾಕಿತ್ತು. ಅದಕ್ಕೆ ಉತ್ತರವೆಂಬಂತೆ 1988ರಲ್ಲಿ ಹುಟ್ಟಿದ ಸಿ-ಡ್ಯಾಕ್, ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ ಮೂರೇ ವರ್ಷದಲ್ಲಿ ತನ್ನದೇ ಯಂತ್ರ ಕಟ್ಟಿ ನಿಲ್ಲಿಸಿತು. ಈ ಕಥೆ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲೂ ಸಿಗುತ್ತದೆ. ಆ ಪುಸ್ತಕಗಳಲ್ಲಿ ಸಿಗದ ಒಂದು ಸಂಗತಿ ಯಂತ್ರದ ಒಳಗಿತ್ತು: ಪರಮ್ 8000ರ 64 ಪ್ರೊಸೆಸರ್‌ಗಳಲ್ಲಿ ಯಾವ ಎರಡೂ ಒಂದೇ ಮೆಮೊರಿಯನ್ನು ಮುಟ್ಟುತ್ತಿರಲಿಲ್ಲ.

ಇಂಗ್ಲೆಂಡಿನ ಇನ್‌ಮಾಸ್ ಕಂಪನಿ ತಯಾರಿಸುತ್ತಿದ್ದ ‘ಟ್ರಾನ್ಸ್‌ಪ್ಯೂಟರ್’ ಎಂಬ ಚಿಪ್ ಅದು. ಪ್ರತಿ ಚಿಪ್‌ಗೂ ತನ್ನದೇ ಮೆಮೊರಿ, ಜೊತೆಗೆ ನೆರೆಯ ಚಿಪ್‌ಗಳೊಡನೆ ಮಾತಾಡಲು ನಾಲ್ಕು ಕೊಂಡಿ. ಪಕ್ಕದವನ ಬಳಿ ಇರುವ ಒಂದು ಸಂಖ್ಯೆ ಬೇಕಾದರೆ ಕೈಹಾಕಿ ತೆಗೆದುಕೊಳ್ಳುವಂತಿಲ್ಲ, ಕೇಳಿ ತರಿಸಿಕೊಳ್ಳಬೇಕು. ಬ್ರಿಟಿಷ್ ವಿಜ್ಞಾನಿ ಟೋನಿ ಹೋರ್ 1978ರಲ್ಲಿ ಮಂಡಿಸಿದ ಒಂದು ವಿಚಾರ ಇದರ ಬೆನ್ನಿಗಿತ್ತು: ಏಕಕಾಲಕ್ಕೆ ನಡೆಯುವ ಕೆಲಸಗಳು ಸಾಮಾನ್ಯ ಸೊತ್ತನ್ನು ಇಟ್ಟುಕೊಳ್ಳದೆ ಬರೀ ಸಂದೇಶಗಳಲ್ಲಿ ವ್ಯವಹರಿಸಲಿ, ಆಗ ಜಗಳಕ್ಕೆ ಕಾರಣವೇ ಇರದು.

ಕನ್ನಡದ ‘ಹಂಚಿಕೊಳ್ಳು’ ಎಂಬ ಕ್ರಿಯಾಪದ ಎರಡು ತದ್ವಿರುದ್ಧ ಕೆಲಸಗಳನ್ನು ಒಂದೇ ಮಾತಿನಲ್ಲಿ ಹೇಳುತ್ತದೆ. ಅಣ್ಣತಮ್ಮಂದಿರು ಜಮೀನು ಹಂಚಿಕೊಂಡರು ಎಂದರೆ ನಡುವೆ ಬದು ಬಿತ್ತು ಎಂದರ್ಥ. ಹಾಸ್ಟೆಲಿನಲ್ಲಿ ಇಬ್ಬರು ಕೋಣೆ ಹಂಚಿಕೊಂಡರು ಎಂದರೆ ಬದು ಇಲ್ಲ, ಇಬ್ಬರಿಗೂ ಒಂದೇ ಬಾಗಿಲು. ಪರಮ್ 8000 ಮೆಮೊರಿಯನ್ನು ಹಂಚಿಕೊಂಡದ್ದು ಮೊದಲನೆಯ ಅರ್ಥದಲ್ಲಿ. ಆಮೇಲೆ ಬಂದ ಬಹುತೇಕ ಯಂತ್ರಗಳು, ಇವತ್ತಿನ ಮೊಬೈಲ್ ಫೋನ್ ಸಹಿತ, ಎರಡನೆಯ ಅರ್ಥದಲ್ಲಿ ಹಂಚಿಕೊಳ್ಳುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋದ ದಾರಿಯಲ್ಲಿ ಪುಣೆಯೂ ಇದೆ, ಬೆಂಗಳೂರೂ ಇದೆ, ಅಮೆರಿಕದ ಒಂದು ನ್ಯಾಯಾಲಯವೂ ಇದೆ.

ಉಗ್ರಾಣದ ಬೀಗ

ಆಪರೇಟಿಂಗ್ ಸಿಸ್ಟಮ್ಮಿನ ತಿರುಳನ್ನು ‘ಕರ್ನಲ್’ ಎನ್ನುತ್ತಾರೆ. ಯಾವ ಪ್ರೋಗ್ರಾಂ ಯಾವಾಗ ಓಡಬೇಕು, ಯಾರಿಗೆ ಎಷ್ಟು ಮೆಮೊರಿ, ಯಾವ ಫೈಲು ಎಲ್ಲಿದೆ ಎಂಬ ಲೆಕ್ಕವೆಲ್ಲ ಅದರದು. ಇದನ್ನು ಒಂದು ದೊಡ್ಡ ಮದುವೆಮನೆಯ ಆಡಳಿತ ಎಂದುಕೊಳ್ಳಬಹುದು. ಪ್ರೊಸೆಸರ್‌ಗಳು ಅಡುಗೆಯವರು. ಮೆಮೊರಿ ಉಗ್ರಾಣ.

ಅಡುಗೆಯವನು ಒಬ್ಬನೇ ಇದ್ದಾಗ ತೊಂದರೆಯಿಲ್ಲ. ಇಬ್ಬರಾದರೆ, ಒಬ್ಬ ಬೆಲ್ಲದ ಡಬ್ಬಿ ಎತ್ತಿಕೊಂಡು ಲೆಕ್ಕದ ಪುಸ್ತಕದಲ್ಲಿ ಬರೆಯುವಷ್ಟರಲ್ಲಿ ಇನ್ನೊಬ್ಬ ಅದೇ ಪುಸ್ತಕ ನೋಡಿ ಅದೇ ಡಬ್ಬಿಗೆ ಕೈಹಾಕುತ್ತಾನೆ. ಕಂಪ್ಯೂಟರಿನಲ್ಲಿ ಹೀಗಾದರೆ ಒಂದೇ ಮೆಮೊರಿ ತುಣುಕು ಎರಡು ಕೆಲಸಗಳಿಗೆ ಸಿಕ್ಕು ಎರಡೂ ಹಾಳು. ಅದಕ್ಕೇ ಉಗ್ರಾಣಕ್ಕೆ ಬೀಗ. ಕೀಲಿಕೈ ಹಿಡಿದವನಷ್ಟೇ ಒಳಗೆ, ಉಳಿದವರು ಹೊರಗೆ.

ಬೀಗದ ಮೂಲ ಸಿದ್ಧಾಂತವನ್ನು ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1965ರಲ್ಲಿ ಬರೆದರು. ಉಗ್ರಾಣದ ಒಂದು ಮುಖ್ಯ ಸಿದ್ಧಾಂತವೂ ಅದೇ ವರ್ಷದ್ದು. ಬೆಲ್ ಲ್ಯಾಬ್ಸ್‌ನ ಕೆನೆತ್ ನೋಲ್ಟನ್, ಮೆಮೊರಿಯನ್ನು ಅರ್ಧ, ಕಾಲು, ಅರೆಕಾಲು ಎಂದು ಸೀಳುತ್ತಾ ಕೊಟ್ಟು, ಮರಳಿ ಬಂದಾಗ ಜೋಡಿ ತುಂಡುಗಳನ್ನು ಬೆಸೆಯುವ ‘ಬಡ್ಡಿ’ ವಿಧಾನವನ್ನು ಪ್ರಕಟಿಸಿದರು. ಲಿನಕ್ಸ್ ಇವತ್ತಿಗೂ ಪುಟಗಳ ಲೆಕ್ಕವನ್ನು ಅದರ ಮೇಲೇ ಇಟ್ಟಿದೆ. ಬಹಳ ಕಾಲ ಈ ಎರಡು ಸಿದ್ಧಾಂತಗಳು ಬೇರೆಬೇರೆ ಅಧ್ಯಾಯಗಳಾಗಿಯೇ ಉಳಿದವು. ಅವು ಒಂದೇ ಪ್ರಶ್ನೆಯ ಎರಡು ಮುಖ ಎಂಬುದು ಸ್ಪಷ್ಟವಾಗಲು ಪ್ರೊಸೆಸರ್‌ಗಳ ಸಂಖ್ಯೆ ಹೆಚ್ಚಬೇಕಾಯಿತು.

1996ರ ಲಿನಕ್ಸ್ 2.0 ಒಂದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳನ್ನು ನಡೆಸಬಲ್ಲದಾಗಿತ್ತು. ಆದರೆ ಇಡೀ ಕರ್ನಲ್ಲಿಗೆ ಇದ್ದದ್ದು ಒಂದೇ ಹೆಬ್ಬೀಗ. ಒಬ್ಬ ಅಡುಗೆಯವನು ಒಳಗೆ ಹೋದರೆ ಉಳಿದವರೆಲ್ಲ ಸೌಟು ಹಿಡಿದು ಹೊರಗೆ ನಿಲ್ಲಬೇಕು. ಇದಕ್ಕೆ ಹೊಳೆಯುವ ಪರಿಹಾರ ಬೀಗವನ್ನು ಒಡೆಯುವುದು: ಅಕ್ಕಿಗೊಂದು ಕೋಣೆ, ಎಣ್ಣೆಗೊಂದು, ತರಕಾರಿಗೊಂದು. ಅದರಿಂದ ಹೊಸ ಕಷ್ಟಗಳು ಹುಟ್ಟಿದವು. ಅಕ್ಕಿ ಕೋಣೆಯ ಕೀಲಿ ಹಿಡಿದವನು ಎಣ್ಣೆಗೆ ಕಾಯುತ್ತಾ, ಎಣ್ಣೆಯವನು ಅಕ್ಕಿಗೆ ಕಾಯುತ್ತಾ ಇಬ್ಬರೂ ಮುಹೂರ್ತ ಕಳೆದರೂ ನಿಂತೇ ಇರಬಹುದು. ಇನ್ನೂ ಸೂಕ್ಷ್ಮವಾದದ್ದು ಬೇರೆ ಇತ್ತು. ಕಂಪ್ಯೂಟರಿನ ಬೀಗ ಎಂದರೆ ಮೆಮೊರಿಯಲ್ಲಿರುವ ಒಂದು ಪುಟ್ಟ ಸಂಖ್ಯೆ. ಒಬ್ಬೊಬ್ಬರು ಅದನ್ನು ಬದಲಿಸಿದಾಗಲೂ ಅದು ಒಂದು ಪ್ರೊಸೆಸರಿನ ಕ್ಯಾಶ್‌ನಿಂದ ಇನ್ನೊಂದರ ಕ್ಯಾಶ್‌ಗೆ ಪ್ರಯಾಣ ಮಾಡಬೇಕು. ಒಳಗಿನ ಕೆಲಸ ಎರಡು ಕ್ಷಣದ್ದಾದರೆ ಕೀಲಿಕೈ ಕೈಯಿಂದ ಕೈಗೆ ಹೋಗುವುದಕ್ಕೇ ಹತ್ತು ಕ್ಷಣ. ಅಡುಗೆಯವರನ್ನು ಹೆಚ್ಚಿಸಿದಷ್ಟೂ ಅಡುಗೆ ನಿಧಾನ.

ಪುಣೆಗೆ ಬಂದ ಬೀಗ

ಪರಮ್ 8000 ಈ ತಲೆನೋವಿನಿಂದ ತಪ್ಪಿಸಿಕೊಂಡಿತ್ತು. ಪುಕ್ಕಟೆಯಾಗಿ ಅಲ್ಲ. ಮೆಮೊರಿಯ ನಡುವೆ ಬದು ಹಾಕಿದ ಮೇಲೆ ಎಲ್ಲರಿಗೂ ಬೇಕಾದ ಮಾಹಿತಿಯನ್ನು ಎಲ್ಲರ ಬಳಿಯೂ ನಕಲು ಮಾಡಿಡಬೇಕು. ಯಾವ ತುಂಡು ಯಾರ ಪಾಲಿಗೆ, ಅಂಚಿನ ಸಂಖ್ಯೆಗಳನ್ನು ಯಾರು ಯಾರಿಗೆ ಯಾವಾಗ ಕಳಿಸಬೇಕು ಎಂಬುದನ್ನು ಪ್ರೋಗ್ರಾಂ ಬರೆಯುವವನೇ ಲೆಕ್ಕ ಹಾಕಬೇಕು. ಹವಾಮಾನದ ಲೆಕ್ಕಕ್ಕೆ ಒಂದು ಭೂಭಾಗವನ್ನು 64 ಚೌಕ ಮಾಡಿ ಹಂಚಿದರೆ ಪ್ರತಿ ಹೆಜ್ಜೆಗೂ ಪ್ರತಿ ಚೌಕ ತನ್ನ ಗಡಿಯ ಸುದ್ದಿಯನ್ನು ನೆರೆಯವರಿಗೆ ಮುಟ್ಟಿಸಬೇಕು. ಬೀಗದ ಖರ್ಚು ನಕಲಿನ ಖರ್ಚಾಗಿ, ಮನುಷ್ಯನ ದುಡಿಮೆಯಾಗಿ ಬೇರೆ ಖಾತೆಗೆ ಹೋಗಿತ್ತು ಅಷ್ಟೇ.

ಹಳೆಯ ಬಗೆಯ ಆ ಪಾರು ಬಹಳ ದಿನ ನಡೆಯಲಿಲ್ಲ. ಟ್ರಾನ್ಸ್‌ಪ್ಯೂಟರ್‌ಗಳ ಕಾಲ ಮುಗಿಯಿತು. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಪ್ರೊಸೆಸರ್‌ಗಳಿಂದಲೇ ಸೂಪರ್‌ಕಂಪ್ಯೂಟರ್ ಕಟ್ಟುವುದು ಅಗ್ಗ ಎಂದಾಯಿತು. 1998ರಲ್ಲಿ ಸಿ-ಡ್ಯಾಕ್ ಕಟ್ಟಿದ ಪರಮ್ 10000ರಲ್ಲಿ ಸನ್ ಕಂಪನಿಯ ಅಲ್ಟ್ರಾಸ್ಪಾರ್ಕ್ ಪ್ರೊಸೆಸರ್‌ಗಳಿದ್ದವು. 160 ಪ್ರೊಸೆಸರ್‌ಗಳು ಸೇರಿದರೆ ಸೆಕೆಂಡಿಗೆ ಸುಮಾರು ಹತ್ತು ಸಾವಿರ ಕೋಟಿ ಲೆಕ್ಕ. ಪೆಟ್ಟಿಗೆ ಪೆಟ್ಟಿಗೆಗಳ ನಡುವೆ ಹಳೆಯ ಪದ್ಧತಿಯೇ: ಸಂದೇಶ, ನಕಲು. ಆದರೆ ಪ್ರತಿ ಪೆಟ್ಟಿಗೆಯ ಒಳಗೆ ಒಂದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳು ಒಂದೇ ಮೆಮೊರಿಯನ್ನು, ಒಂದೇ ಸೋಲಾರಿಸ್ ಕರ್ನಲ್ಲನ್ನು ಹಂಚಿಕೊಳ್ಳುತ್ತಿದ್ದವು. ಪುಣೆಯ ಯಂತ್ರಕ್ಕೆ ಬೀಗ ಬಂದದ್ದು ಹೀಗೆ.

ಆ ಸೋಲಾರಿಸ್ ಅಷ್ಟರಲ್ಲಿ ಉಗ್ರಾಣದ ವಿಷಯದಲ್ಲಿ ಒಂದು ದೊಡ್ಡ ಪಾಠ ಕಲಿತಿತ್ತು. ಸನ್‌ನ ಜೆಫ್ ಬಾನ್‌ವಿಕ್ 1994ರಲ್ಲಿ ಗಮನಿಸಿದ್ದು: ಕರ್ನಲ್ ಕೇಳುವ ಮೆಮೊರಿ ತುಣುಕುಗಳು ಯದ್ವಾತದ್ವಾ ಅಳತೆಯವಲ್ಲ. ಅದೇ ಫೈಲಿನ ವಿವರ, ಅದೇ ಪ್ರೋಗ್ರಾಮಿನ ವಿವರ, ದಿನಕ್ಕೆ ಲಕ್ಷ ಸಲ ಬೇಕು, ಲಕ್ಷ ಸಲ ಮರಳುತ್ತದೆ. ಪ್ರತಿ ಸಲವೂ ಹೊಸದಾಗಿ ಅಳೆದು ಕೊಡುವ ಬದಲು ಆ ಅಳತೆಯ ತಟ್ಟೆಗಳನ್ನೇ ತೊಳೆದು ಜೋಡಿಸಿಟ್ಟರೆ ಸಾಕು. ಇದಕ್ಕೆ ‘ಸ್ಲ್ಯಾಬ್’ ಎಂದು ಹೆಸರಾಯಿತು. ಲಿನಕ್ಸ್ ಕೂಡ ಇದೇ ದಾರಿ ಹಿಡಿಯಿತು. 2001ರಲ್ಲಿ ಬಾನ್‌ವಿಕ್ ಮತ್ತು ಜೊನಾಥನ್ ಆಡಮ್ಸ್ ಇನ್ನೊಂದು ಹೆಜ್ಜೆ ಮುಂದಿಟ್ಟರು: ಪ್ರತಿ ಪ್ರೊಸೆಸರಿನ ಪಕ್ಕದಲ್ಲೂ ಒಂದು ಸಣ್ಣ ದಾಸ್ತಾನು. ಒಲೆಯ ಪಕ್ಕದಲ್ಲೇ ನಾಲ್ಕು ಸೇರು ಅಕ್ಕಿ, ಒಂದು ಡಬ್ಬಿ ಎಣ್ಣೆ ಇದ್ದರೆ ಅಡುಗೆಯವನು ಉಗ್ರಾಣದ ಬಾಗಿಲಿಗೆ ಹೋಗುವುದು ಅಪರೂಪ. ಬೀಗದ ಸಮಸ್ಯೆಗೆ ಪರಿಹಾರ ಸಿಕ್ಕಿದ್ದು ಮೆಮೊರಿಯ ಜೋಡಣೆಯಲ್ಲಿ.

ಇದೇ ಯೋಚನೆ 1993ರಷ್ಟು ಹಿಂದೆಯೇ ಅಮೆರಿಕದ ಆರೆಗನ್ ರಾಜ್ಯದ ಸೀಕ್ವೆಂಟ್ ಎಂಬ ಕಂಪನಿಯಲ್ಲಿ ಪ್ರಬಂಧವಾಗಿ ಹೊರಬಂದಿತ್ತು. ಬರೆದವರು ಪಾಲ್ ಮೆಕ್‌ಕೆನಿ ಮತ್ತು ಜ್ಯಾಕ್ ಸ್ಲಿಂಗ್‌ವೈನ್. ಪ್ರತಿ ಪ್ರೊಸೆಸರಿಗೂ ಸ್ವಂತ ದಾಸ್ತಾನು ಕೊಟ್ಟ ಈ ಇಬ್ಬರೇ ಆ ಬಳಿಕ ಬೀಗವನ್ನೇ ಬಿಟ್ಟು ನಡೆಯುವ ಒಂದು ಉಪಾಯವನ್ನೂ ಕಟ್ಟಿದರು. ಅದರ ಪೇಟೆಂಟ್ 1995ರದು. ಅದಕ್ಕೆ ನಿಂತ ಹೆಸರು ರೀಡ್-ಕಾಪಿ-ಅಪ್‌ಡೇಟ್, ಚುಟುಕಾಗಿ ಆರ್‌ಸಿಯು.

ಪಂಕ್ತಿಯ ನಿಯಮ

ಕರ್ನಲ್ಲಿನ ಎಷ್ಟೋ ಪಟ್ಟಿಗಳನ್ನು ಸಾವಿರ ಸಲ ಓದಿದರೆ ಒಂದು ಸಲ ತಿದ್ದುತ್ತಾರೆ. ಆ ಒಂದು ತಿದ್ದುಪಡಿಗಾಗಿ ಸಾವಿರ ಓದುಗರೂ ಬೀಗ ಹಿಡಿಯುವುದು ಯಾಕೆ? ಆರ್‌ಸಿಯು ಹೇಳುವುದಿಷ್ಟು: ಓದುವವರು ಬೀಗ ಮುಟ್ಟದೆ ಓದಲಿ. ತಿದ್ದುವವನು ಹಳೆಯ ಚೀಟಿಯ ಮೇಲೆ ಗೀಚದೆ, ಪಕ್ಕದಲ್ಲಿ ಹೊಸ ಚೀಟಿ ಬರೆದು, ಒಂದೇ ಏಟಿಗೆ ಎಲ್ಲರ ಕಣ್ಣು ಅದರತ್ತ ಹೋಗುವಂತೆ ಬಾಣದ ಗುರುತನ್ನು ಬದಲಿಸಲಿ. ಹೊಸದಾಗಿ ಬರುವವರು ಹೊಸ ಚೀಟಿ ಓದುತ್ತಾರೆ. ಆಗಲೇ ಓದುತ್ತಿರುವವರು ಹಳೆಯದನ್ನು ಓದಿ ಮುಗಿಸುತ್ತಾರೆ. ಇಬ್ಬರಿಗೂ ಅರ್ಧಂಬರ್ಧ ಚೀಟಿ ಸಿಗುವುದಿಲ್ಲ.

ಉಳಿಯುವುದು ಒಂದೇ ಪ್ರಶ್ನೆ. ಹಳೆಯ ಚೀಟಿಯ ಜಾಗವನ್ನು ಉಗ್ರಾಣಕ್ಕೆ ಮರಳಿಸುವುದು ಯಾವಾಗ? ಯಾರೋ ಇನ್ನೂ ಓದುತ್ತಿರುವಾಗ ಕಿತ್ತುಕೊಂಡರೆ ಅನಾಹುತ. ಓದುಗರ ಹೆಸರು ಬರೆದಿಟ್ಟುಕೊಂಡರೆ ಆ ಬರೆಯುವಿಕೆಯೇ ಇನ್ನೊಂದು ಬೀಗ.

ಮದುವೆಮನೆಯಲ್ಲಿ ಇದಕ್ಕೆ ನಿಯಮವಿದೆ. ಪಂಕ್ತಿ ಏಳುವ ತನಕ ಎಲೆ ಎತ್ತುವುದಿಲ್ಲ. ಯಾರು ಯಾವ ಎಲೆಯಲ್ಲಿ ಉಂಡರು ಎಂದು ಯಾರೂ ಬರೆದಿಡುವುದಿಲ್ಲ. ಕೂತಿದ್ದವರೆಲ್ಲ ಒಮ್ಮೆ ಎದ್ದರು ಎಂದು ಗೊತ್ತಾದರೆ ಸಾಕು. ಪಕ್ಕದ ಚಪ್ಪರದಲ್ಲಿ ಆಮೇಲೆ ಕೂತವರಿಗಾಗಿ ಕಾಯಬೇಕಿಲ್ಲ. ಆರ್‌ಸಿಯು ಕೂಡ ಹಾಗೇ. ಪ್ರತಿ ಪ್ರೊಸೆಸರ್ ಆಗಾಗ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೊರಳುತ್ತದೆ. ಓದುತ್ತಿರುವಾಗ ಹೊರಳಬಾರದು ಎಂಬುದು ಕಟ್ಟಳೆ. ಹಾಗಾಗಿ ಎಲ್ಲ ಪ್ರೊಸೆಸರ್‌ಗಳೂ ಒಂದೊಂದು ಸಲ ಹೊರಳಿದವೆಂದರೆ ಹಳೆಯ ಪಂಕ್ತಿ ಎದ್ದಿತು ಎಂದೇ ಅರ್ಥ. ಅಲ್ಲಿಯವರೆಗಿನ ಅವಧಿಗೆ ‘ಗ್ರೇಸ್ ಪೀರಿಯಡ್’ ಎನ್ನುತ್ತಾರೆ. ಆಗಿನ ಲಿನಕ್ಸ್‌ನ ಸಾಮಾನ್ಯ ಸಂರಚನೆಯಲ್ಲಿ ಓದುವವನ ಬದಿಯ ಖರ್ಚು ಸೊನ್ನೆ. ಬೀಗದ ಪ್ರಶ್ನೆ ಪೂರ್ತಿಯಾಗಿ ಮೆಮೊರಿಯ ಪ್ರಶ್ನೆಯಾಗಿ ಬದಲಾಯಿತು.

ಬೆಂಗಳೂರಿನ ತಂಡ

1999ರಲ್ಲಿ ಐಬಿಎಂ ಸೀಕ್ವೆಂಟನ್ನು ಕೊಂಡುಕೊಂಡಿತು. ಲಿನಕ್ಸ್ ಮೇಲೆ ಐಬಿಎಂ ದೊಡ್ಡ ಮೊತ್ತ ಹೂಡುತ್ತಿದ್ದ ಕಾಲ ಅದು. ಅದರ ಲಿನಕ್ಸ್ ಟೆಕ್ನಾಲಜಿ ಸೆಂಟರಿನ ಒಂದು ತಂಡ ಬೆಂಗಳೂರಿನಲ್ಲಿತ್ತು. ಮೆಕ್‌ಕೆನಿ ಆರೆಗನ್ನಿನಲ್ಲಿ, ದೀಪಂಕರ್ ಶರ್ಮಾ ಮತ್ತು ಮನೀಶ್ ಸೋನಿ ಬೆಂಗಳೂರಿನಲ್ಲಿ. 2001ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ಲಿನಕ್ಸ್ ಸಮ್ಮೇಳನದ ಆರ್‌ಸಿಯು ಪ್ರಬಂಧದಲ್ಲಿ ಈ ಮೂವರ ಹೆಸರೂ ಇದೆ. 2002ರ ಅಕ್ಟೋಬರಿನಲ್ಲಿ ಶರ್ಮಾ ಅವರ ಆರ್‌ಸಿಯು ಲಿನಕ್ಸ್ 2.5.43ರಲ್ಲಿ ಸೇರಿತು. ಆ ಕಡತದ ತಲೆಯಲ್ಲಿ ಅವರ ಹೆಸರು, 2001 ಎಂಬ ವರ್ಷ ಇವತ್ತಿಗೂ ಉಳಿದಿವೆ.

ಮುಂದಿನ ಗುರಿ ಫೈಲುಗಳ ಹೆಸರಿನ ಪಟ್ಟಿ. ಯಾವ ಫೈಲನ್ನು ತೆರೆದರೂ ಅದರ ವಿಳಾಸದ ಪ್ರತಿ ಹೆಜ್ಜೆಯನ್ನೂ, ಮನೆ, ಕೋಣೆ, ಕಪಾಟು ಎಂಬಂತೆ, ಕರ್ನಲ್ ಒಂದು ಪಟ್ಟಿಯಲ್ಲಿ ಹುಡುಕುತ್ತದೆ. ಆ ಪಟ್ಟಿಗೆ ಒಂದೇ ಬೀಗವಿತ್ತು. ಪ್ರೊಸೆಸರ್‌ಗಳು ಹೆಚ್ಚಾದಂತೆ ಎಲ್ಲರೂ ಅದರ ಮುಂದೆ ಸಾಲು. ಸೋನಿ ಮತ್ತು ಶರ್ಮಾ ಹುಡುಕಾಟವನ್ನು ಆರ್‌ಸಿಯುಗೆ ತಂದರು. 2003ರ ಡಿಸೆಂಬರಿನಲ್ಲಿ ಲಿನಕ್ಸ್ 2.6 ಹೊರಬಂದಾಗ ಈ ಕೆಲಸವೂ ಅದರೊಳಗಿತ್ತು. ಅದೇ ವರ್ಷ ಸಿ-ಡ್ಯಾಕ್‌ನ ಹೊಸ ಯಂತ್ರ ಪರಮ್ ಪದ್ಮ ಬೆಂಗಳೂರಿನಲ್ಲೇ ನಿಂತಿತ್ತು: ಐಬಿಎಂನ 248 ಪವರ್4 ಪ್ರೊಸೆಸರ್‌ಗಳು, ಒಂದು ಟೆರಾಫ್ಲಾಪ್ ಗಡಿ ದಾಟಿದ ಭಾರತದ ಮೊದಲ ಯಂತ್ರ. ಅದರ ಕರ್ನಲ್ ಲಿನಕ್ಸ್ ಅಲ್ಲ, ಐಬಿಎಂನ ಎಐಎಕ್ಸ್. ದೊಡ್ಡ ಯಂತ್ರಕ್ಕೆ ಕಂಪನಿಯ ಸ್ವಂತ ಯುನಿಕ್ಸ್ ಎಂಬ ನಂಬಿಕೆ ಇನ್ನೂ ಅಳಿಸಿರಲಿಲ್ಲ.

ಆ ನಂಬಿಕೆ ಉಳಿಯಬೇಕೆಂದು ಬಯಸಿದವರೂ ಇದ್ದರು. 2003ರ ಮಾರ್ಚ್‌ನಲ್ಲಿ ಎಸ್‌ಸಿಓ ಎಂಬ ಅಮೆರಿಕನ್ ಕಂಪನಿ ಐಬಿಎಂ ಮೇಲೆ ದಾವೆ ಹೂಡಿತು. ಯುನಿಕ್ಸ್‌ನ ಹಕ್ಕು ತನ್ನದೆಂದೂ, ಐಬಿಎಂ ಅದನ್ನು ಲಿನಕ್ಸ್‌ಗೆ ಸಾಗಿಸಿತೆಂದೂ ಆರೋಪ. ಲಿನಕ್ಸ್‌ನಂಥ ಹವ್ಯಾಸಿಗಳ ಕರ್ನಲ್ ಬಹು-ಪ್ರೊಸೆಸರ್ ಯಂತ್ರಗಳನ್ನು ಇಷ್ಟು ಬೇಗ ಕಲಿತದ್ದಾದರೂ ಹೇಗೆ ಎಂಬುದು ಅದರ ವಾದದ ಧಾಟಿ. ಬೆರಳು ತೋರಿಸಿದ ತಂತ್ರಗಳಲ್ಲಿ ಆರ್‌ಸಿಯು ಕೂಡ ಒಂದು. ಆದರೆ ಆ ತಂತ್ರ ಹುಟ್ಟಿದ್ದು ಸೀಕ್ವೆಂಟ್‌ನಲ್ಲಿ, ಪೇಟೆಂಟೂ ಅದರದೇ. ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನ ಸಭೆಯೊಂದರಲ್ಲಿ ಎಸ್‌ಸಿಓ ‘ಕದ್ದ ಕೋಡ್’ ಎಂದು ಪರದೆಯ ಮೇಲೆ ತೋರಿಸಿದ ಒಂದು ಮಾದರಿ ಮೆಮೊರಿ ಹಂಚುವ ಪುಟ್ಟ ಪ್ರೋಗ್ರಾಂ ಆಗಿತ್ತು. ಅದನ್ನು ಲಿನಕ್ಸ್‌ಗೆ ಸೇರಿಸಿದ್ದು ಎಸ್‌ಜಿಐ ಎಂಬ ಬೇರೊಂದು ಕಂಪನಿ. ಅದು 1970ರ ದಶಕದ ಯುನಿಕ್ಸ್‌ನದು. ಆ ಹಳೆಯ ಯುನಿಕ್ಸನ್ನು ಎಸ್‌ಸಿಓದ ಪೂರ್ವಜ ಕಂಪನಿಯೇ 2002ರಲ್ಲಿ ಮುಕ್ತವಾಗಿ ಬಿಟ್ಟುಕೊಟ್ಟಿತ್ತು. ಯುನಿಕ್ಸ್‌ನ ಹಕ್ಕುಸ್ವಾಮ್ಯ ನೊವೆಲ್ ಕಂಪನಿಯದು ಎಂದು 2010ರಲ್ಲಿ ತೀರ್ಪಾಯಿತು. ಐಬಿಎಂ ಮೇಲಿನ ಮೊಕದ್ದಮೆಯ ಬಾಲ 2021ರ ರಾಜಿಯ ತನಕ ಎಳೆಯಿತು. ಬೀಗ ಮತ್ತು ಉಗ್ರಾಣ ಯಾರ ಸೊತ್ತು ಎಂಬುದನ್ನು ನ್ಯಾಯಾಲಯ ಕೇಳಬೇಕಾಗಿ ಬಂದದ್ದೇ ಅವುಗಳ ಬೆಲೆ ಎಷ್ಟು ಏರಿತ್ತು ಎಂಬುದಕ್ಕೆ ಸಾಕ್ಷಿ.

ಹತ್ತೇ ಎಲೆ

ಆರ್‌ಸಿಯುವಿನ ನಿಜವಾದ ಪರೀಕ್ಷೆ ನಡೆದದ್ದು ಕರ್ನಲ್ಲಿನ ಒಳಗೆ, 2005ರಲ್ಲಿ. ಆ ಸೆಪ್ಟೆಂಬರಿನಲ್ಲಿ ಶರ್ಮಾ, ತೆರೆದ ಫೈಲುಗಳ ಕೋಷ್ಟಕವನ್ನೂ ಬೀಗವಿಲ್ಲದೆ ನೋಡುವಂತೆ ಮಾಡಿದರು. ಇದರಿಂದ, ಮುಚ್ಚಿದ ಫೈಲಿನ ಮೆಮೊರಿ ಒಡನೆಯೇ ಮರಳದೆ ಪಂಕ್ತಿ ಏಳುವ ತನಕ ಕಾಯತೊಡಗಿತು. ಮುಂದಿನ ತಿಂಗಳು ಹೊಸ ಕರ್ನಲ್ಲನ್ನು ಪರೀಕ್ಷಿಸುತ್ತಿದ್ದವರಿಗೆ ವಿಚಿತ್ರವೊಂದು ಕಂಡಿತು. ಫೈಲನ್ನು ತೆರೆದು ಮುಚ್ಚುವುದನ್ನೇ ಸತತವಾಗಿ ಮಾಡುವ ಪುಟ್ಟ ಪ್ರೋಗ್ರಾಂ ಓಡಿಸಿದರೆ, ಫೈಲುಗಳ ಮಿತಿ ಮೀರಿತು ಎಂದು ಯಂತ್ರ ದೂರುತ್ತದೆ. ನೋಡಿದರೆ ತೆರೆದಿರುವ ಫೈಲುಗಳು ಬೆರಳೆಣಿಕೆಯಷ್ಟು. ಉಂಡು ಎದ್ದವರ ಎಲೆಗಳು ಸಾವಿರಾರು ಬಿದ್ದಿದ್ದವು. ಹೊಸಬರಿಗೆ ಕೂರಲು ಜಾಗವಿರಲಿಲ್ಲ.

ಕಾರಣ ಒಂದು ಸದುದ್ದೇಶದ ಕಟ್ಟಳೆ. ಎಲ್ಲ ಎಲೆಗಳನ್ನೂ ಒಮ್ಮೆಲೇ ಎತ್ತಲು ಹೊರಟರೆ ಅಷ್ಟು ಹೊತ್ತು ಪ್ರೊಸೆಸರ್ ಬೇರೇನೂ ಮಾಡುವುದಿಲ್ಲ. ಹಾಡು ಕೇಳುವವನಿಗೆ ಹಾಡು ತುಂಡಾಗುತ್ತದೆ. ಕ್ಷಣಮಾತ್ರದ ಪ್ರತಿಕ್ರಿಯೆ ಬೇಕಾದ ಕೆಲಸಗಳಿಗೆ ಆರ್‌ಸಿಯು ಅಡ್ಡಿಯಾಗದಿರುವುದು ಹೇಗೆಂದು ಶರ್ಮಾ ಮತ್ತು ಮೆಕ್‌ಕೆನಿ 2004ರಲ್ಲಿ ಪ್ರಬಂಧವನ್ನೇ ಬರೆದಿದ್ದರು. ಹಾಗಾಗಿ ಒಂದು ಸರತಿಗೆ ಹತ್ತೇ ಎಲೆ ಎಂಬ ಮಿತಿ ಇತ್ತು. ಹತ್ತು ಎತ್ತುವಷ್ಟರಲ್ಲಿ ನೂರು ಬೀಳುತ್ತಿದ್ದರೆ ರಾಶಿಗೆ ಕೊನೆಯೇ ಇಲ್ಲ. ಅಕ್ಟೋಬರ್ 17ರಂದು ಲಿನಸ್ ಟೋರ್ವಾಲ್ಡ್ಸ್ ತಾವೇ ಆ ಹತ್ತನ್ನು ಹತ್ತು ಸಾವಿರ ಮಾಡಿದರು. ಎಲೆಗಳ ಸಾಲು ಬೆಳೆಯುತ್ತಿದ್ದರೆ ಎತ್ತುವವರು ಹೆಚ್ಚು ಸಲ ಬರುವಂತೆ ಯೋಜಿಸಬೇಕು ಎಂದೂ ಟಿಪ್ಪಣಿ ಬರೆದರು.

2006ರ ಮಾರ್ಚ್‌ನಲ್ಲಿ ಶರ್ಮಾ ಅವರ ತಿದ್ದುಪಡಿ ಬಂತು. ಸಾಮಾನ್ಯ ದಿನಗಳಲ್ಲಿ ಹತ್ತರ ಮಿತಿಯೇ ಇರಲಿ. ರಾಶಿ ಹತ್ತು ಸಾವಿರ ಮೀರಿದರೆ ಮಿತಿಯನ್ನು ತೆಗೆದುಬಿಡಲಿ, ಪಂಕ್ತಿ ಬೇಗ ಏಳುವಂತೆ ಎಲ್ಲ ಪ್ರೊಸೆಸರ್‌ಗಳನ್ನೂ ಅವಸರಿಸಲಿ. ರಾಶಿ ನೂರಕ್ಕೆ ಇಳಿದ ಮೇಲೆ ಮತ್ತೆ ಹತ್ತರ ಶಿಸ್ತು. ಆರ್‌ಸಿಯು ಅಲ್ಲಿಂದಾಚೆ ಹಲವು ಸಲ ಹೊಸದಾಗಿ ಬರೆಯಲ್ಪಟ್ಟಿದೆ. ಹತ್ತು, ಹತ್ತು ಸಾವಿರ, ನೂರು ಎಂಬ ಮೂರು ಸಂಖ್ಯೆಗಳು ಮಾತ್ರ ಲಿನಕ್ಸ್‌ನ ಪೂರ್ವನಿಗದಿಗಳಾಗಿ ಉಳಿದುಬಂದಿವೆ. ಇತ್ತ ಹಳೆಯ ಹೆಬ್ಬೀಗದ ಕೊನೆಯ ಚೂರು 2011ರಲ್ಲಿ, 2.6.39ರಲ್ಲಿ, ಹೊರಬಿತ್ತು. ಹುಟ್ಟಿ ಹದಿನೈದು ವರ್ಷಕ್ಕೆ.

ಮತ್ತೆ ಪುಣೆ

2020ರಲ್ಲಿ ಸಿ-ಡ್ಯಾಕ್ ಪುಣೆಯಲ್ಲಿ ನಿಲ್ಲಿಸಿದ ‘ಪರಮ್ ಸಿದ್ಧಿ’ ಎನ್ವಿಡಿಯಾದ ಡಿಜಿಎಕ್ಸ್ ಎ100 ಪೆಟ್ಟಿಗೆಗಳಿಂದಾದದ್ದು. ಅಂಥ ಒಂದೊಂದು ಪೆಟ್ಟಿಗೆಯಲ್ಲೂ 64 ಕೋರ್‌ಗಳ ಎರಡು ಪ್ರೊಸೆಸರ್, ಒಟ್ಟು 128 ಕೋರ್. 1991ರ ಇಡೀ ಯಂತ್ರದಲ್ಲಿದ್ದುದರ ಎರಡರಷ್ಟು ಕೋರ್‌ಗಳು ಒಂದೇ ಮೆಮೊರಿಯನ್ನು, ಒಂದೇ ಲಿನಕ್ಸ್ ಕರ್ನಲ್ಲನ್ನು ಹಂಚಿಕೊಂಡಿವೆ. 2017ರ ನವೆಂಬರಿನಿಂದ ಜಗತ್ತಿನ ಮೊದಲ ಐನೂರು ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿ ಲಿನಕ್ಸ್ ಅಲ್ಲದ ಒಂದೂ ಇಲ್ಲ. 2023ರ ಜೂನ್ ಪಟ್ಟಿಯಲ್ಲಿ 75ನೆಯ ಸ್ಥಾನದಲ್ಲಿದ್ದ ಪುಣೆಯ ‘ಐರಾವತ್’ ಕೂಡ ಅದರ ಮೇಲೆಯೇ ನಡೆಯುವಂಥದು. ಪೆಟ್ಟಿಗೆಗಳ ನಡುವೆ ಈಗಲೂ ಟ್ರಾನ್ಸ್‌ಪ್ಯೂಟರ್ ಕಾಲದ ನೀತಿ, ಸಂದೇಶ ಮತ್ತು ನಕಲು. ಪೆಟ್ಟಿಗೆಯ ಒಳಗೆ ಪಂಕ್ತಿಯ ನೀತಿ. ‘ಹಂಚಿಕೊಳ್ಳು’ ಎಂಬ ಮಾತಿನ ಎರಡೂ ಅರ್ಥಗಳು ಒಂದೇ ಯಂತ್ರದಲ್ಲಿ ಸಂಸಾರ ಹೂಡಿವೆ.

ಈ ಮೂವತ್ತು ವರ್ಷಗಳ ಲೆಕ್ಕವನ್ನು ಕೂಡಿಸಿ ನೋಡಿದರೆ ಬೀಗ ಯಾವತ್ತೂ ಪುಕ್ಕಟೆಯಾಗಿ ಹೋಗಿಲ್ಲ. ಪರಮ್ 8000ರಲ್ಲಿ ಅದರ ಬೆಲೆಯನ್ನು ನಕಲುಗಳಲ್ಲಿ ಕೊಟ್ಟರು. ಸ್ಲ್ಯಾಬ್‌ನ ಮುಂದಿನ ರೂಪದಲ್ಲಿ ಒಲೆಯೊಲೆಯ ಪಕ್ಕದ ದಾಸ್ತಾನಿನಲ್ಲಿ ಕೊಟ್ಟರು. ಆರ್‌ಸಿಯುನಲ್ಲಿ ಇನ್ನೂ ಎತ್ತದ ಎಲೆಗಳ ರಾಶಿಯಲ್ಲಿ ಕೊಡುತ್ತಿದ್ದಾರೆ. ಕಾಯುವುದನ್ನು ತಪ್ಪಿಸಲು ಪ್ರತಿ ಸಲವೂ ತೆತ್ತದ್ದು ಜಾಗ. ಮೆಮೊರಿ ಅಗ್ಗವಾಗುತ್ತಾ ಬಂದದ್ದರಿಂದ ಈ ವ್ಯಾಪಾರ ಲಾಭದ್ದಾಗಿಯೇ ನಡೆದಿದೆ. ಆದರೆ ಊಟ ಎಷ್ಟು ಸರಾಗವಾಗಿ ಸಾಗಿದರೂ ಎಲೆ ಎತ್ತುವ ಕೆಲಸ ಒಬ್ಬರಿಗೆ ಇದ್ದೇ ಇರುತ್ತದೆ. ಅವರು ಎಷ್ಟು ಹೊತ್ತಿಗೆ ಬರಬೇಕು, ಒಂದು ಸಲಕ್ಕೆ ಎಷ್ಟು ಎತ್ತಬೇಕು ಎಂಬುದನ್ನು ಮೊದಲೇ ಗೊತ್ತುಮಾಡದ ಮನೆಯಲ್ಲಿ ಮೂರನೆಯ ಪಂಕ್ತಿಗೆ ಜಾಗ ಸಿಗುವುದಿಲ್ಲ.